ಸುಣ್ಣ: ಸುಟ್ಟದ್ದು, ಅರಳಿದ್ದು

ಸುಣ್ಣವೆಂಬ ಮಾತು ಕನ್ನಡದಲ್ಲಿ ಒಂದೇ. ಆ ಮಾತಿನಿಂದ ನಾವು ಕರೆಯುವ ವಸ್ತುಗಳು ಮಾತ್ರ ಮೂರು. ಗಣಿಯಿಂದ ಎತ್ತಿ ತಂದುದನ್ನು ಸುಣ್ಣದ ಕಲ್ಲೆನ್ನುತ್ತೇವೆ. ಅದನ್ನು ಗೂಡಿನಲ್ಲಿ ಸುಟ್ಟು ತೆಗೆದ ಹೆಂಟೆಯೂ ಸುಣ್ಣವೇ. ಆ ಹೆಂಟೆಗೆ ನೀರು ತಾಕಿ, ಅದು ಒಡೆದು ಪುಡಿಯಾದಾಗ, ಇಲ್ಲವೆ ಮೊಸರಿನಂತೆ ಮುದ್ದೆಯಾದಾಗ ಅದಕ್ಕೂ ಸುಣ್ಣವೆಂದೇ ಹೆಸರು. ಕೊನೆಗೆ ಗೋಡೆಗೆ ಬಳಿದು ಒಣಗಿದ ಮೇಲೂ ನಾವು ಬೇರೆ ಹೆಸರನ್ನು ಹುಡುಕುವುದಿಲ್ಲ. ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತವರಿಗೆ ಇಷ್ಟು ಸಾಕು. ಆದರೆ ರಸಾಯನಶಾಸ್ತ್ರದ ಪಾಠಕ್ಕೆ, ಕಾರ್ಖಾನೆಯ ಉಗ್ರಾಣಕ್ಕೆ, ಅಡಿಕೆಯ ತೋಟಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಕಣ್ಣಿಗೆ, ಇಷ್ಟು ಸಾಲದು. ಮಾತಿನ ಈ ಬಡತನ ಎಲ್ಲಿ ಹೇಗೆ ತೊಡಕಾಗುತ್ತದೆಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ಈ ಲೇಖನ.

ಕನ್ನಡ ಕಲಿಸುವವನಿಗೆ ಸುಣ್ಣದ ಗೊಡವೆ ಏಕೆಂದು ಕೆಲವರಾದರೂ ಕೇಳಿಯಾರು. ರಸಾಯನಶಾಸ್ತ್ರವನ್ನು ಬೋಧಿಸುವ ಅಧ್ಯಾಪಕ ಮಿತ್ರರೊಬ್ಬರು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ಪದಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಇಂಗ್ಲಿಷಿನ ‘ಕ್ವಿಕ್ ಲೈಮ್’ ಎಂಬುದಕ್ಕೆ ಒಬ್ಬ ಹುಡುಗ ‘ಶೀಘ್ರಸುಣ್ಣ’ವೆಂದು ಬರೆದಿದ್ದನಂತೆ. “ಇದು ಸರಿಯೇ, ಮೇಷ್ಟ್ರೇ?” ಎಂದು ಅವರು ನಗುತ್ತ ಕೇಳಿದರು. ಹುಡುಗನ ತಪ್ಪು ನಗುವಂಥದಲ್ಲ. ಇಂದಿನ ಇಂಗ್ಲಿಷಿನಲ್ಲಿ ‘ಕ್ವಿಕ್’ ಎಂದರೆ ಬೇಗನೆಂಬ ಅರ್ಥವೇ ಎಲ್ಲರಿಗೂ ಗೊತ್ತು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಜೀವವುಳ್ಳದ್ದು ಎಂದು ಅರ್ಥ. ಪಾದರಸವನ್ನು ಅವರು ‘ಕ್ವಿಕ್ ಸಿಲ್ವರ್’ ಎಂದು ಕರೆದುದು ಅದು ಜೀವವಿರುವಂತೆ ಓಡಾಡುವ ಬೆಳ್ಳಿಯಾದುದರಿಂದ. ಹಾಗೆಯೇ ಕ್ವಿಕ್ ಲೈಮ್ ಎಂದರೆ ಜೀವಂತ ಸುಣ್ಣ. ಲ್ಯಾಟಿನ್ನಿನಲ್ಲಿ ಅದು ‘ಕಾಲ್ಕ್ಸ್ ವೀವಾ’. ಫ್ರೆಂಚರು ಇಂದಿಗೂ ‘ಶೋ ವೀವ್’ ಎನ್ನುತ್ತಾರೆ. ಎರಡರ ಅರ್ಥವೂ ಅದೇ.

ಕಲ್ಲಿನ ಹೆಂಟೆಯೊಂದಕ್ಕೆ ಜೀವವಿದೆಯೆಂದು ಹಿಂದಿನವರಿಗೆ ಏಕೆ ತೋರಿತು? ಒಂದು ಹೆಂಟೆಯನ್ನು ನೀರಿಗೆ ಹಾಕುವುದನ್ನು ಒಮ್ಮೆ ಕಂಡವರಿಗೆ ಈ ಪ್ರಶ್ನೆಯೇ ಹುಟ್ಟದು. ಮೊದಲು ಅದು ಸುಮ್ಮನೆ ನೀರನ್ನು ಹೀರುತ್ತದೆ. ಒಂದೆರಡು ಗಳಿಗೆಯಲ್ಲಿ ಬುಸುಗುಟ್ಟುತ್ತದೆ, ಬಿರಿಯುತ್ತದೆ, ಹಬೆಯನ್ನು ಉಗುಳುತ್ತದೆ, ಉಬ್ಬಿ ಉಬ್ಬಿ ತನ್ನ ಗಾತ್ರದ ಎರಡು ಮೂರು ಪಾಲಾಗಿ ಬೆಳ್ಳಗೆ ಉದುರುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ನೀರು ಕುದಿಯುತ್ತದೆ. ಒಂದು ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣದಿಂದ ಹೀಗೆ ಹೊರಬೀಳುವ ಶಾಖವು ಸುಮಾರು ೩ ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕಾದಷ್ಟು. ಆಮೇಲೆ ಎಷ್ಟು ನೀರು ಹೊಯ್ದರೂ ಅದು ಅಲುಗದು. ಇಂಗ್ಲಿಷರು ಇದನ್ನು ಬಾಯಾರಿಕೆ ತೀರಿದ ಸುಣ್ಣವೆಂದು ಕರೆದರು. ನಮ್ಮವರಿಗೆ ತೋಚಿದ ಹೋಲಿಕೆಯೇ ಬೇರೆ: ‘ಸುಣ್ಣ ಅರಳಿತು’ ಎಂದರು. ಗಟ್ಟಿಯಾದ ಕಲ್ಲು ಎಸಳೆಸಳಾಗಿ ಬಿಚ್ಚಿಕೊಳ್ಳುವುದನ್ನು ನೋಡಿ ಅದರಲ್ಲಿ ಹೂವನ್ನು ಕಂಡ ಆ ಅಜ್ಞಾತ ಗಾರೆ ಕೆಲಸದವನು ಕವಿಯೇ ಸರಿ. ‘ಸುಟ್ಟ ಸುಣ್ಣ’, ‘ಅರಳಿದ ಸುಣ್ಣ’ ಎಂಬ ಈ ಎರಡು ಮಾತುಗಳು ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ನಿಂತಿವೆ. ಇವುಗಳಿಗಿಂತ ಉತ್ತಮವಾದ ಪಾರಿಭಾಷಿಕ ಪದಗಳನ್ನು ಪಂಡಿತರು ಕೂಡಿ ಕುಳಿತರೂ ಕಟ್ಟಲಾರರೆಂದು ನಾನು ಆ ಮಿತ್ರರಿಗೆ ಹೇಳಿದೆ.

ಸುಣ್ಣವೆಂಬ ಮಾತಾದರೋ ಸಂಸ್ಕೃತದ ‘ಚೂರ್ಣ’ದ ತದ್ಭವ. ಪ್ರಾಕೃತದಲ್ಲಿ ‘ಚುಣ್ಣ’ವಾಗಿ ಕನ್ನಡಕ್ಕೆ ಬರುವಾಗ ‘ಸುಣ್ಣ’ವಾಯಿತು. ತಮಿಳಿನ ಸುಣ್ಣಾಂಬು, ತೆಲುಗಿನ ಸುನ್ನಮು, ಹಿಂದಿಯ ಚೂನಾ ಎಲ್ಲವೂ ಅದೇ ಮನೆತನದವು. ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದುವ ವಿದ್ಯಾರ್ಥಿಗಳು ಇಂಥ ಮಾರ್ಪಾಡುಗಳ ದಾರಿಯನ್ನು ಬಲ್ಲರು. ಚೂರ್ಣವೆಂದರೆ ಪುಡಿ. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಗೂಡಿನಿಂದ ಹೊರಬಂದ ಸುಟ್ಟ ಸುಣ್ಣ ಪುಡಿಯಲ್ಲ, ಗಟ್ಟಿ ಹೆಂಟೆ. ನೀರುಂಡು ಅರಳಿದ ಮೇಲೆಯೇ ಅದು ಚೂರ್ಣ. ಆದುದರಿಂದ ಸುಣ್ಣವೆಂಬ ಹೆಸರು ಅಕ್ಷರಶಃ ಒಪ್ಪುವುದು ಅರಳಿದ ಸುಣ್ಣಕ್ಕೆ. ‘ಸೋತು ಸುಣ್ಣವಾದ’, ‘ಹೊಡೆದು ಸುಣ್ಣ ಮಾಡಿದ’ ಎಂಬ ನಮ್ಮ ನುಡಿಗಟ್ಟುಗಳಲ್ಲಿ ಈ ಹಳೆಯ ಅರ್ಥವೇ ಉಸಿರಾಡುತ್ತಿದೆಯೆಂದು ನನಗೆ ತೋರುತ್ತದೆ. ಅಲ್ಲಿ ಸುಣ್ಣದ ಬಿಳುಪಿನ ಮಾತಿಲ್ಲ. ಗಟ್ಟಿಯಾಗಿದ್ದುದು ಪುಡಿಪುಡಿಯಾಯಿತೆಂಬುದೇ ಮುಖ್ಯ.

ಸಂಸ್ಕೃತದಲ್ಲಿ ಸುಣ್ಣಕ್ಕೆ ಇನ್ನೊಂದು ಹೆಸರುಂಟು: ‘ಸುಧಾ’. ಅಮರಕೋಶವು ನಾನಾರ್ಥಗಳನ್ನು ಹೇಳುವಲ್ಲಿ ಸುಧೆಗೆ ಗೋಡೆಯ ಲೇಪ, ಅಮೃತ, ಹಾಲುಗಳ್ಳಿ ಎಂಬ ಮೂರು ಅರ್ಥಗಳನ್ನು ಕೊಡುತ್ತದೆ. ಒಂದು ಅಮರತ್ವವನ್ನು ಕೊಡುವ ಪಾನ. ಇನ್ನೊಂದು ನಾಲಗೆಗೆ ತಾಕಿದರೆ ಸುಡುವ ವಸ್ತು. ಮೂರನೆಯದು ಕಣ್ಣಿಗೆ ಸಿಡಿದರೆ ಕೆಡುಕು ಮಾಡುವ ಹಾಲು. ಮೂರಕ್ಕೂ ಬಿಳುಪೊಂದೇ ಸಾಮ್ಯವೆಂದು ತೋರುತ್ತದೆ. ಈ ಸುಧೆಯಿಂದ ಹುಟ್ಟಿದ ಮಾತು ‘ಸೌಧ’: ಸುಣ್ಣವನ್ನು ಬಳಿದು ಬೆಳಗುವ ಅರಮನೆ. ೧೯೫೬ರಲ್ಲಿ ಪೂರ್ಣವಾದ ಬೆಂಗಳೂರಿನ ವಿಧಾನಸೌಧಕ್ಕೆ ಆ ಹೆಸರಿಟ್ಟಾಗ ಈ ವ್ಯುತ್ಪತ್ತಿಯನ್ನು ಯಾರೂ ನೆನೆದಿರಲಾರರು. ಏಕೆಂದರೆ ಅದು ಕಗ್ಗಲ್ಲಿನ ಕಟ್ಟಡ. ಹೆಸರಿನಲ್ಲಿ ಮಾತ್ರ ಸುಣ್ಣ ಉಳಿದುಕೊಂಡಿದೆ. ಲ್ಯಾಟಿನ್ನಿನ ‘ಕಾಲ್ಕ್ಸ್’ ಎಂಬ ಮಾತಿನ ಸಂತಾನವೂ ಕಡಿಮೆಯದಲ್ಲ. ೧೮೦೮ರಲ್ಲಿ ಹಂಫ್ರಿ ಡೇವಿ ಸುಣ್ಣದೊಳಗಿನ ಲೋಹವನ್ನು ಬೇರ್ಪಡಿಸಿ ಅದಕ್ಕೆ ಕ್ಯಾಲ್ಸಿಯಂ ಎಂದು ಹೆಸರಿಟ್ಟುದು ಇದರಿಂದಲೇ. ಎಣಿಸುವುದಕ್ಕೆ ಬಳಸುತ್ತಿದ್ದ ಚಿಕ್ಕ ಕಲ್ಲು ‘ಕ್ಯಾಲ್ಕುಲಸ್’ ಆಗಿ, ಇಂದು ಗಣಿತದ ವಿದ್ಯಾರ್ಥಿಗಳ ನಿದ್ದೆಯನ್ನು ಕೆಡಿಸುತ್ತಿರುವುದೂ ಇದೇ ಮಾತಿನಿಂದ.

ಮಾತು ಹಾಗಿರಲಿ, ವಸ್ತುವನ್ನು ನೋಡೋಣ. ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟು. ಕಲಬುರಗಿ, ಬಾಗಲಕೋಟೆ ಜಿಲ್ಲೆಗಳ ನೆಲದಲ್ಲಿ ಅದು ಹಾಸುಹಾಸಾಗಿ ಬಿದ್ದಿದೆ. ಕರಾವಳಿಯವರಿಗೆ ಕಲ್ಲು ಬೇಡ. ಅಘನಾಶಿನಿಯಂಥ ನದಿಗಳು ಕಡಲನ್ನು ಸೇರುವಲ್ಲಿ ದೊರೆಯುವ ಚಿಪ್ಪುಗಳೇ ಸಾಕು. ಚಿಪ್ಪೂ ಕಲ್ಲೂ ರಸಾಯನದ ದೃಷ್ಟಿಯಿಂದ ಒಂದೇ. ಅದನ್ನು ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡು ಹಾರಿಹೋಗಿ ಕ್ಯಾಲ್ಸಿಯಂ ಆಕ್ಸೈಡು ಉಳಿಯುತ್ತದೆ. ಇದೇ ಸುಟ್ಟ ಸುಣ್ಣ. ಲೆಕ್ಕವು ನೆನಪಿಡಲು ಸುಲಭ: ೧೦೦ ಭಾಗ ಶುದ್ಧ ಕಲ್ಲಿನಿಂದ ೫೬ ಭಾಗ ಸುಣ್ಣ, ೪೪ ಭಾಗ ಅನಿಲ. ಆ ೫೬ ಭಾಗ ಸುಣ್ಣವು ೧೮ ಭಾಗ ನೀರನ್ನು ಕುಡಿದು ೭೪ ಭಾಗ ಅರಳಿದ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಅದು ಗಾಳಿಯಲ್ಲಿರುವ ಆ ೪೪ ಭಾಗವನ್ನು ಮೆಲ್ಲಗೆ ಹಿಂದಕ್ಕೆ ಪಡೆದು, ನೀರನ್ನು ಬಿಟ್ಟುಕೊಟ್ಟು, ಮತ್ತೆ ೧೦೦ ಭಾಗ ಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆ ಎರಡು ಮೂರು ದಿನದ ಮೇಲೆ ಹೆಚ್ಚು ಬೆಳ್ಳಗೆ ಹೊಳೆಯುವುದು ಇದರಿಂದ. ಕಲ್ಲಿನಿಂದ ಹೊರಟು ಕಲ್ಲಿಗೇ ಬಂದು ಸೇರುವ ಈ ಪಯಣದಲ್ಲಿ ಮನುಷ್ಯನಿಗೆ ಸಿಕ್ಕ ಲಾಭವೊಂದೇ: ನಡುವೆ ಸ್ವಲ್ಪ ಕಾಲ ಅದು ಅವನ ಕೈ ಹೇಳಿದ ಆಕಾರಕ್ಕೆ ಬಗ್ಗುತ್ತದೆ.

ಇದು ಸುಲಭವಾಗಿ ತಿಳಿದ ಸಂಗತಿಯಲ್ಲ. ಬೆಂಕಿಯಲ್ಲಿ ಸುಟ್ಟ ಕಲ್ಲು ಕಟುವಾಗುವುದು ಬೆಂಕಿಯ ಅಂಶವೇನೋ ಅದರೊಳಗೆ ಸೇರಿಕೊಂಡುದರಿಂದ ಎಂದು ಬಹುಕಾಲ ವಿದ್ವಾಂಸರೂ ನಂಬಿದ್ದರು. ನೀರು ಹೊಯ್ದಾಗ ಹೊರಬರುವ ಕಾವು ಆ ನಂಬಿಕೆಗೆ ಸಾಕ್ಷಿಯಂತೆ ಇತ್ತು. ೧೭೫೬ರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಆತ ಕೈಹಿಡಿದುದು ತಕ್ಕಡಿಯನ್ನು. ಕಲ್ಲು ಸುಟ್ಟಾಗ ತೂಕ ಹೆಚ್ಚಲಿಲ್ಲ, ಕಡಿಮೆಯಾಯಿತು. ಹಾಗಾದರೆ ಒಳಗೆ ಸೇರಿದುದೇನೂ ಇಲ್ಲ, ಹೊರಗೆ ಹೋದುದು ಏನೋ ಇದೆ. ಹೀಗೆ ಹೊರಗೆ ಹೋದ ‘ಬಂಧಿತ ವಾಯು’ವೇ ಇಂದು ನಾವು ಇಂಗಾಲದ ಡೈ ಆಕ್ಸೈಡು ಎನ್ನುವ ಅನಿಲ. ಆಧುನಿಕ ರಸಾಯನಶಾಸ್ತ್ರದ ಬಾಗಿಲುಗಳಲ್ಲೊಂದು ಸುಣ್ಣದ ಗೂಡಿನ ಕಡೆಯಿಂದ ತೆರೆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಗೂಡಿನ ಕೆಲಸವೂ ಕಣ್ಣಳತೆಯ ವಿದ್ಯೆ. ಒಂದು ವರಸೆ ಕಲ್ಲು, ಒಂದು ವರಸೆ ಇದ್ದಲು ಎಂದು ಮೇಲಿನಿಂದ ತುಂಬಿ, ಬೆಂದುದನ್ನು ಕೆಳಗಿನ ಬಾಯಿಯಿಂದ ತೆಗೆಯುವುದು ಹಳೆಯ ಕ್ರಮ. ಬೆಂಕಿ ಸಾಲದಿದ್ದರೆ ಹೆಂಟೆಯ ನಡುವೆ ಬೇಯದ ಕಲ್ಲು ಗೊರಟೆಯಂತೆ ಉಳಿಯುತ್ತದೆ. ಬೆಂಕಿ ಹೆಚ್ಚಾದರೆ ಸುಣ್ಣ ಬಿಗಿದುಕೊಂಡು ನೀರನ್ನು ಬೇಗ ಕುಡಿಯದು. ಅಂಥ ಕಣಗಳು ಗಾರೆಯಲ್ಲಿ ಸೇರಿ, ಗೋಡೆ ಮುಗಿದು ತಿಂಗಳುಗಳಾದ ಮೇಲೆ ನಿಧಾನವಾಗಿ ಅರಳಿ, ಗಿಲಾವನ್ನು ಗುಳ್ಳೆಯೆಬ್ಬಿಸಿ ಒಡೆಯುತ್ತವೆ. ಹಿಂದಿನವರು ಸುಣ್ಣವನ್ನು ಗುಂಡಿಯಲ್ಲಿ ಬಹುದಿನ ನೆನೆಹಾಕಿ, ಸೋಸಿ, ಅರೆದು ಬಳಸುತ್ತಿದ್ದುದು ಕೇವಲ ಸಂಪ್ರದಾಯದ ಮಾತಲ್ಲ. ಅರಳಬೇಕಾದುದೆಲ್ಲ ಗೋಡೆಯೇರುವ ಮೊದಲೇ ಅರಳಿ ಮುಗಿಯಲೆಂದು.

ಈ ನಾಡಿನ ಹಳೆಯ ಕಟ್ಟಡಗಳು ಸುಣ್ಣದ ಋಣದಲ್ಲಿ ನಿಂತಿವೆ. ಹಂಪೆಯ ಗೋಪುರಗಳ ಮೇಲ್ಭಾಗ ಇಟ್ಟಿಗೆ ಮತ್ತು ಗಾರೆಯದು. ಬಿಜಾಪುರದ ಗೋಳಗುಮ್ಮಟದ ಗುಮ್ಮಟ, ಹೊರಗಿನ ಅಳತೆಯಲ್ಲಿ ಸುಮಾರು ೪೪ ಮೀಟರು ವ್ಯಾಸವುಳ್ಳದ್ದು, ಒಳಗೆ ಕಂಬವೊಂದೂ ಇಲ್ಲದೆ, ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ ಕಟ್ಟಿದುದು. ಆದರೆ ಬರಿಯ ಸುಣ್ಣಕ್ಕೆ ಒಂದು ಕೊರತೆಯುಂಟು: ಗಾಳಿ ತಾಕದೆ ಅದು ಗಟ್ಟಿಯಾಗದು, ನೀರಿನೊಳಗೆ ಅದರ ಬೇಳೆ ಬೇಯದು. ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದರೊಳಗಿನ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಬಿಗಿಯುವ ಬಂಧವನ್ನು ಕಟ್ಟುತ್ತವೆ. ರೋಮನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬಳಸಿದರು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ ಸಿಮೆಂಟಿನದಲ್ಲ, ಸುರ್ಕಿ ಗಾರೆಯದು. ಕಾವೇರಿಯ ನೀರನ್ನು ಇಷ್ಟು ದಶಕಗಳಿಂದ ತಡೆದು ನಿಲ್ಲಿಸಿರುವುದು ಸುಟ್ಟ ಕಲ್ಲು ಮತ್ತು ಸುಟ್ಟ ಮಣ್ಣಿನ ಗೆಳೆತನ.

ಸಿಮೆಂಟು ಬಂದ ಮೇಲೆ ಸುಣ್ಣದ ಕಾಲ ಮುಗಿಯಿತೆಂದು ಅನೇಕರು ಭಾವಿಸಿದ್ದಾರೆ. ಮನೆ ಕಟ್ಟುವವನ ಅಂಗಳದಿಂದ ಅದು ಹಿಂದೆ ಸರಿದುದು ನಿಜ. ಆದರೆ ಸುಣ್ಣ ಸರಿದು ಹೋದುದು ಕಾರ್ಖಾನೆಯ ಒಳಗೆ. ಪ್ರಪಂಚದಲ್ಲಿ ವರ್ಷಕ್ಕೆ ೪೦ ಕೋಟಿ ಟನ್ನಿಗೂ ಮಿಗಿಲಾಗಿ ಸುಣ್ಣ ತಯಾರಾಗುತ್ತಿದೆ. ಅದರ ದೊಡ್ಡ ಗಿರಾಕಿ ಉಕ್ಕು. ಕಬ್ಬಿಣದ ಅದಿರಿನಲ್ಲಿ ಸಿಲಿಕ, ರಂಜಕ, ಗಂಧಕಗಳು ಬೆರೆತಿರುತ್ತವೆ. ರಂಜಕ ಉಳಿದ ಉಕ್ಕು ತಣ್ಣಗಾದಾಗ ಗಾಜಿನಂತೆ ಮುರಿಯುತ್ತದೆ. ಕರಗಿದ ಲೋಹಕ್ಕೆ ಸುಟ್ಟ ಸುಣ್ಣ ಹಾಕಿದರೆ ಅದು ಈ ಕಶ್ಮಲಗಳನ್ನು ತನ್ನೊಡನೆ ಸೇರಿಸಿಕೊಂಡು ಕಿಟ್ಟವಾಗಿ ಮೇಲಕ್ಕೆ ತೇಲುತ್ತದೆ. ೧೮೭೮-೭೯ರಲ್ಲಿ ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ತನ್ನ ದಾಯಾದಿಯೊಡನೆ ಕೂಡಿ, ಕುಲುಮೆಗೆ ಕ್ಷಾರಗುಣದ ಒಳಪದರ ಕೊಟ್ಟು ಸುಣ್ಣವನ್ನು ಬಳಸುವ ಈ ವಿಧಾನವನ್ನು ಸಾಧಿಸಿದನು. ಅದುವರೆಗೆ ಕೆಲಸಕ್ಕೆ ಬಾರದೆಂದು ಬಿಟ್ಟಿದ್ದ ರಂಜಕದ ಅದಿರುಗಳಿಗೆ ಬೆಲೆ ಬಂದಿತು; ಉಳಿದ ಕಿಟ್ಟ ಹೊಲಕ್ಕೆ ಗೊಬ್ಬರವಾಯಿತು. ಇಂದಿನ ಆಮ್ಲಜನಕದ ಕುಲುಮೆಗಳಲ್ಲಿಯೂ ಒಂದು ಟನ್ ಉಕ್ಕಿಗೆ ಹತ್ತಾರು ಕಿಲೋಗ್ರಾಂ ಸುಣ್ಣ ಬೇಕು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಹರಿಯುವಾಗ ಅದರೊಡನೆ ಸುಣ್ಣವೂ ಹರಿಯುತ್ತಿರುತ್ತದೆ.

ಸಕ್ಕರೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಹಿಂಡಿದ ಕಬ್ಬಿನ ಹಾಲು ಸ್ವಲ್ಪ ಹುಳಿ. ಆ ಹುಳಿಯಲ್ಲಿಯೇ ಕಾಯಿಸಿದರೆ ಸಕ್ಕರೆ ಒಡೆದು, ಹರಳುಗಟ್ಟದ ಬೇರೆ ಸಕ್ಕರೆಗಳಾಗುತ್ತದೆ. ಆದುದರಿಂದ ಅದಕ್ಕೆ ಸುಣ್ಣದ ಹಾಲನ್ನು ಬೆರೆಸುತ್ತಾರೆ. ಹುಳಿ ಮುರಿಯುತ್ತದೆ, ಕಲ್ಮಷ ಗಡ್ಡೆಕಟ್ಟಿ ತಳಕ್ಕಿಳಿಯುತ್ತದೆ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಗೆ ಒಂದಿಷ್ಟು ಸುಣ್ಣ ಹಾಕಿ ಬೆಲ್ಲದ ಹದ ನೋಡುವ ರೈತನೂ, ೧೯೩೩ರಲ್ಲಿ ಅಲ್ಲಿಯೇ ಸ್ಥಾಪಿತವಾದ ಸಕ್ಕರೆ ಕಂಪೆನಿಯ ರಸಾಯನಜ್ಞನೂ ನಂಬಿಕೊಂಡ ತತ್ತ್ವ ಒಂದೇ. ಬಾಯಿಗೆ ಹಾಕಿದರೆ ಸುಡುವ ವಸ್ತುವಿನಿಂದ ಸಿಹಿ ಉಳಿಯುತ್ತದೆಂಬುದು ವಿಚಿತ್ರವಾದರೂ ಸತ್ಯ.

ಇನ್ನು ಉಳಿದ ಉದ್ಯಮಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋದರೆ ಪಟ್ಟಿ ಬೆಳೆದೀತು. ಕೆಲವನ್ನು ಮಾತ್ರ ಹೇಳುತ್ತೇನೆ. ಬಿದಿರು ಮರಗಳನ್ನು ಬೇಯಿಸಿ ಕಾಗದ ಮಾಡುವಲ್ಲಿ, ಬಳಸಿ ಮುಗಿದ ಕ್ಷಾರವನ್ನು ಮತ್ತೆ ಕಾಸ್ಟಿಕ್ ಸೋಡವಾಗಿ ಮಾಡಿಕೊಳ್ಳಲು ಸುಣ್ಣ ಬೇಕು. ಸಾಲ್ವೆ ವಿಧಾನದಿಂದ ಸೋಡಾ ತಯಾರಿಸುವಲ್ಲಿ ದುಬಾರಿಯಾದ ಅಮೋನಿಯವನ್ನು ಹಿಂದಕ್ಕೆ ಪಡೆಯುವುದು ಸುಣ್ಣದಿಂದ. ಚರ್ಮ ಹದಮಾಡುವವರು ತೊಗಲಿನ ಕೂದಲನ್ನು ಸಡಿಲಿಸುವುದು ಸುಣ್ಣದ ಗುಂಡಿಯಲ್ಲಿ. ಅರಳಿದ ಸುಣ್ಣಕ್ಕೆ ಕ್ಲೋರಿನ್ ಅನಿಲ ಹಾಯಿಸಿದರೆ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ. ಇದು ೧೭೯೯ರಿಂದ ಬಂದ ವಿದ್ಯೆ. ಸುಟ್ಟ ಸುಣ್ಣವನ್ನು ಕೋಕಿನೊಡನೆ ವಿದ್ಯುತ್ ಕುಲುಮೆಯಲ್ಲಿ ಸುಮಾರು ೨೦೦೦ ಡಿಗ್ರಿಗೆ ಕಾಯಿಸಿದರೆ ಕ್ಯಾಲ್ಸಿಯಂ ಕಾರ್ಬೈಡು. ಬೆಸುಗೆಯ ಅಸಿಟಿಲೀನ್ ಅನಿಲ ಅದರ ಮಗು. ಹಣ್ಣು ಮಾಗಿಸಲು ಇದೇ ಕಾರ್ಬೈಡನ್ನು ಬಳಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧವೆಂಬುದನ್ನೂ ಇಲ್ಲಿ ಹೇಳಬೇಕು. ಸಯನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸುವಲ್ಲಿ, ಪ್ರಾಣಹಾರಿಯಾದ ಅನಿಲ ಏಳದಂತೆ ದ್ರಾವಣವನ್ನು ಕ್ಷಾರವಾಗಿಯೇ ಕಾಯುವುದೂ ಸುಣ್ಣ. ಗಡುಸು ನೀರಿನ ವಿಷಯ ಇನ್ನೂ ಸೊಗಸು. ನೀರಿನಲ್ಲಿ ಕರಗಿದ ಸುಣ್ಣದಂಶವೇ ಗಡುಸಿಗೆ ಕಾರಣ. ಅದನ್ನು ತೆಗೆಯಲು ೧೮೪೧ರಲ್ಲಿ ಅಬರ್ಡೀನಿನ ಥಾಮಸ್ ಕ್ಲಾರ್ಕ್ ಸೂಚಿಸಿದ ಮದ್ದು, ಮತ್ತಷ್ಟು ಸುಣ್ಣ! ಹೊಸ ಸುಣ್ಣ ಹಳೆಯದನ್ನೂ ಕರೆದುಕೊಂಡು ತಳಕ್ಕಿಳಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಮಾತಿಗೆ ಇದಕ್ಕಿಂತ ಶುದ್ಧ ಉದಾಹರಣೆ ಬೇಕೆ?

ನಮ್ಮ ಪತ್ರಿಕೆಗಳಲ್ಲಿಯೂ ಬಳಕೆಗೆ ಬಂದಿರುವ ‘ಲೈಮ್‌ಲೈಟ್’ ಎಂಬ ಮಾತಿನ ಬೆಳಕು ಸುಣ್ಣದ್ದೇ. ಸುಟ್ಟ ಸುಣ್ಣವು ಸುಮಾರು ೨೬೦೦ ಡಿಗ್ರಿಯವರೆಗೆ ಕರಗುವುದಿಲ್ಲ. ಜಲಜನಕ ಮತ್ತು ಆಮ್ಲಜನಕಗಳ ಉರಿಯನ್ನು ಅದರ ತುಂಡಿನ ಮೇಲೆ ಹಾಯಿಸಿದರೆ ಕಣ್ಣು ಕೋರೈಸುವ ಬಿಳಿಯ ಬೆಳಕು. ೧೮೨೦ರ ದಶಕದಲ್ಲಿ ಡ್ರಮಂಡ್ ಎಂಬಾತ ಇದನ್ನು ಐರ್ಲೆಂಡಿನ ಭೂಮಾಪನಕ್ಕೆ ಬಳಸಿದನು. ೧೮೩೭ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಭೂಮಿಗೆ ಬಂದಿತು. ವಿದ್ಯುದ್ದೀಪ ಬಂದು ಆ ಬೆಳಕು ಆರಿತು, ಮಾತು ಉಳಿಯಿತು.

ಸುಟ್ಟ ಸುಣ್ಣಕ್ಕೂ ಹಳಸಿದ ಸುಣ್ಣಕ್ಕೂ ಇರುವ ಭೇದವನ್ನು ಬದುಕಿನ ಪ್ರಶ್ನೆಯಾಗಿ ಬಲ್ಲವರು ಮಲೆನಾಡಿನ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ಒಂದು ವರ್ಷದ ದುಡಿಮೆಯನ್ನು ಕೆಲವೇ ದಿನಗಳಲ್ಲಿ ಮರದ ಬುಡಕ್ಕೆ ಉದುರಿಸಬಲ್ಲದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಬೋರ್ಡೋ ಮಿಶ್ರಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮ ಬಳಕೆಗೆ ಬಂದಿತು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಿಗಾಗಿ ೧೮೮೦ರ ದಶಕದಲ್ಲಿ ಮಿಲಾರ್ಡೆ ರೂಪಿಸಿದ ಮದ್ದು ಅದು. ಶೇಕಡ ಒಂದರ ಮಿಶ್ರಣಕ್ಕೆ ಲೆಕ್ಕ ಸರಳ: ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರು ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ಅನಂತರ ಬೆರೆಸಬೇಕು. ಬೆರೆಸಿದ ಮೇಲೆ ಹೊಳಪಿನ ಕತ್ತಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಹೊಡೆದರೆ ತಾಮ್ರದ ಕಟು ಕಾಯನ್ನೇ ಸುಡುತ್ತದೆ.

ಇಲ್ಲಿ ತೊಡಕೆಲ್ಲಿದೆ? ಬಹುಕಾಲ ಗಾಳಿಗೆ ಬಿದ್ದ ಸುಣ್ಣ ತೂಕದಲ್ಲಿ ಸುಣ್ಣವೇ, ಬಿಳುಪಿನಲ್ಲಿ ಸುಣ್ಣವೇ, ಅಂಗಡಿಯ ಚೀಟಿಯಲ್ಲಿಯೂ ಸುಣ್ಣವೇ. ಗುಣದಲ್ಲಿ ಮಾತ್ರ ಅದು ಮುಕ್ಕಾಲು ಪಾಲು ಮತ್ತೆ ಕಲ್ಲಾಗಿರಬಹುದು. ಅದನ್ನು ಒಂದು ಕಿಲೋ ತೂಗಿ ಹಾಕಿದವನು ಲೆಕ್ಕದಲ್ಲಿ ಸರಿಯಾಗಿದ್ದೂ ಫಲದಲ್ಲಿ ಸೋಲುತ್ತಾನೆ. ನೀರು ಚಿಮುಕಿಸಿದರೆ ಬುಸುಗುಟ್ಟಿ ಅರಳುವ ಸುಣ್ಣವನ್ನೇ ಆರಿಸುವ ತೋಟಿಗ ರಸಾಯನಶಾಸ್ತ್ರವನ್ನು ಓದದೆಯೇ ಅದರ ಸಾರವನ್ನು ಹಿಡಿದಿದ್ದಾನೆ. ಅಡಿಕೆಯನ್ನು ಮರದಲ್ಲಿ ಕಾಯುವುದೂ ಸುಣ್ಣ, ಬಾಯಿಯಲ್ಲಿ ಕೆಂಪೇರಿಸುವುದೂ ಸುಣ್ಣ. ಎರಡನೆಯ ಬಳಕೆಯ ಬಗ್ಗೆ ಒಂದು ಮಾತು: ತಂಬಾಕು ಬೆರೆಸದ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ತೀರ್ಮಾನಿಸಿದೆ. ತಾಂಬೂಲದ ಸಂಸ್ಕೃತಿಯನ್ನು ಮೆಚ್ಚುವವರು ಈ ಮಾತನ್ನೂ ಕೇಳಿಸಿಕೊಳ್ಳಬೇಕು.

ಈಗ ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದ ವಿಷಯಕ್ಕೆ ಬರುತ್ತೇನೆ. ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ಪಕ್ಷಪಾತದ ಮಾತು ಬಂದಾಗಲೆಲ್ಲ ಆಡುತ್ತೇವೆ. ಅದರ ವಾಚ್ಯಾರ್ಥವನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಬಂಧುಗಳ ಊರಿನಲ್ಲಿ ನಾಲ್ಕು ವರ್ಷದ ಮಗುವೊಂದು ಎಲೆಯಡಿಕೆಯ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಹಿಡಿದು ಆಡುತ್ತಿತ್ತು. ಹಿಸುಕಿದಾಗ ಪೊಟ್ಟಣ ಒಡೆದು ಸುಣ್ಣ ಬಲಗಣ್ಣಿಗೆ ಚಿಮ್ಮಿತು. ತಾಯಿ ಚೊಂಬಿನಲ್ಲಿ ನೀರು ತಂದಳು. ಮನೆಯ ಹಿರಿಯರೊಬ್ಬರು ಅವಳ ಕೈ ಹಿಡಿದು, “ಬೇಡಮ್ಮ, ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣು ಬೆಂದುಹೋದೀತು” ಎಂದು ತಡೆದರು. ನೀರಿಗೆ ಬದಲಾಗಿ ಬೆಣ್ಣೆ ಬಂತು. ತಾಲ್ಲೂಕಿನ ಆಸ್ಪತ್ರೆಗೆ ಹೋಗುವ ವೇಳೆಗೆ ಎರಡು ಗಂಟೆ ಕಳೆದಿತ್ತು. ಮಗುವಿನ ಆ ಕಣ್ಣಿನಲ್ಲಿ ಇಂದಿಗೂ ಮಬ್ಬು ಉಳಿದಿದೆ.

ಆ ಹಿರಿಯರು ಮಗುವಿನ ಮೇಲೆ ಪ್ರೀತಿಯಿದ್ದವರು. ಅವರು ಹೇಳಿದುದೂ ಸುಳ್ಳಲ್ಲ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುವುದು ನಿಜ. ಆದರೆ ಪೊಟ್ಟಣದಲ್ಲಿದ್ದುದು ಸುಟ್ಟ ಸುಣ್ಣವಲ್ಲ, ಎಂದೋ ಅರಳಿ ತಣ್ಣಗಾದ ಸುಣ್ಣ. ಅದಕ್ಕೆ ಎಷ್ಟು ನೀರು ಹೊಯ್ದರೂ ಕುದಿಯದು. ಅದು ಕೆಡಿಸುವುದು ಶಾಖದಿಂದಲ್ಲ, ಕ್ಷಾರದಿಂದ; ಕ್ಷಾರವಾದರೋ ತಾಕಿದಲ್ಲಿಯೇ ನಿಲ್ಲದೆ ಕಣ್ಣಿನ ಒಳಪದರಗಳಿಗೆ ಇಳಿಯುತ್ತ ಹೋಗುತ್ತದೆ. ಒಂದ�ೊಂದು ನಿಮಿಷವೂ ಅಮೂಲ್ಯ. ಒಂದು ವಸ್ತುವಿನ ಗುಣವನ್ನು ಅದೇ ಹೆಸರಿನ ಇನ್ನೊಂದು ವಸ್ತುವಿಗೆ ಆರೋಪಿಸಿದ ಫಲವಾಗಿ ಎರಡು ಗಂಟೆ ಹೋಯಿತು. ಭಾಷೆಯನ್ನು ಕಲಿಸುವವನಾದ ನನಗೆ ಇದು ವೈದ್ಯರಿಗೆ ಬಿಟ್ಟುಬಿಡಬಹುದಾದ ಸಂಗತಿಯಾಗಿ ತೋರಲಿಲ್ಲ. ಸುಣ್ಣದ ಪೊಟ್ಟಣದಿಂದ ಮಕ್ಕಳ ಕಣ್ಣಿಗೆ ಆಗುವ ಹಾನಿಯನ್ನು ನಮ್ಮ ದೇಶದ ನೇತ್ರವೈದ್ಯರು ಮತ್ತೆ ಮತ್ತೆ ಬರೆದು ಎಚ್ಚರಿಸಿದ್ದಾರೆ.

ಮಾಡಬೇಕಾದುದು ಇಷ್ಟು. ಕಣ್ಣನ್ನು ಉಜ್ಜಬಾರದು. ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧವಾದ ನೀರನ್ನು ಧಾರೆಯಾಗಿ, ಕಡಿಮೆಯೆಂದರೂ ಅರ್ಧ ಗಂಟೆ ಹೊಯ್ಯುತ್ತಿರಬೇಕು. ರೆಪ್ಪೆಯ ಒಳಗೆ ಅಂಟಿಕೊಂಡ ಕಣಗಳನ್ನು ವೈದ್ಯರೇ ತೆಗೆಯಬೇಕಾದುದರಿಂದ ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆಣ್ಣೆ, ತುಪ್ಪ, ಎಣ್ಣೆ ಯಾವುದೂ ಬೇಡ. ಬಿದ್ದುದು ನಿಜವಾಗಿಯೂ ಸುಟ್ಟ ಸುಣ್ಣದ ಪುಡಿಯೇ ಆಗಿದ್ದರೆ, ಮುಖದ ಮೇಲಿನ ಒಣ ಪುಡಿಯನ್ನು ಮೊದಲು ಒರೆಸಿ ಕೆಡವಿ, ಒಡನೆಯೇ ಧಾರಾಳವಾಗಿ ನೀರು ಹೊಯ್ಯಬೇಕು. ಕುದಿಸುವುದು ಅಲ್ಪ ನೀರು. ಹೊಳೆಯಂತೆ ಹರಿಯುವ ನೀರು ಶಾಖವನ್ನೂ ಕ್ಷಾರವನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಗೂಡಿನ ಇನ್ನೊಂದು ಋಣವನ್ನೂ ಮರೆಯಬಾರದು. ಒಂದು ಟನ್ ಸುಟ್ಟ ಸುಣ್ಣ ತಯಾರಾಗುವಾಗ ಕಲ್ಲಿನಿಂದಲೇ ಮುಕ್ಕಾಲು ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡು ಆಕಾಶಕ್ಕೆ ಏರುತ್ತದೆ. ಉರುವಲಿನ ಹೊಗೆ ಬೇರೆ. ಗೋಡೆಗೆ ಬಳಿದ ಸುಣ್ಣ ತನ್ನ ಪಾಲನ್ನು ಕಾಲಕ್ರಮದಲ್ಲಿ ಹಿಂದಕ್ಕೆ ಪಡೆಯುತ್ತದೆ; ಉಕ್ಕಿನ ಕಿಟ್ಟವಾಗಿ ಹೋದುದು ಅಷ್ಟಾಗಿ ಪಡೆಯದು. ಅಂದು ಬ್ಲಾಕ್ ತಕ್ಕಡಿಯಲ್ಲಿ ತೂಗಿ ಕಂಡ ಆ ವಾಯುವನ್ನು ಇಂದು ಇಡೀ ಭೂಮಂಡಲದ ಲೆಕ್ಕದಲ್ಲಿ ತೂಗಬೇಕಾಗಿ ಬಂದಿದೆ. ಗೂಡಿನ ಬಾಯಿಯಲ್ಲಿಯೇ ಅದನ್ನು ಹಿಡಿಯುವ ಪ್ರಯತ್ನಗಳು ನಡೆದಿವೆ.

ನಮ್ಮ ಭಾಷೆಗೆ ಶಾಸ್ತ್ರವನ್ನು ಹೇಳುವ ಶಕ್ತಿಯಿಲ್ಲವೆಂದು ಆಗಾಗ ಕೇಳುತ್ತೇವೆ. ಸುಣ್ಣದ ಮಟ್ಟಿಗೆ ಆ ದೂರು ನಿಲ್ಲದು. ಸುಣ್ಣದ ಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣ ಎಂಬ ಮೂರು ಮಾತುಗಳು ಮೂರು ವಸ್ತುಗಳನ್ನು ನಿಸ್ಸಂದೇಹವಾಗಿ ಬೇರ್ಪಡಿಸುತ್ತವೆ; ಅವು ಗೂಡಿನವರ, ಗಾರೆಯವರ ಬಾಯಿಂದ ಬಂದ ಮಾತುಗಳು, ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಕೊರತೆಯಿರುವುದು ಅವುಗಳನ್ನು ಬಳಸುವ ನಮ್ಮ ಎಚ್ಚರದಲ್ಲಿ. ಚೀಲದ ಮೇಲೆ, ಪೊಟ್ಟಣದ ಮೇಲೆ ಬರಿಯ ‘ಸುಣ್ಣ’ವೆಂದು ಅಚ್ಚು ಹಾಕದೆ, ಸುಟ್ಟದ್ದೋ ಅರಳಿದ್ದೋ ಎಂಬುದನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲಿ, ಅದರ ಕೆಳಗೆ ‘ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನೀರು ಹೊಯ್ಯಿರಿ’ ಎಂದು ಇನ್ನೊಂದು ಸಾಲು ಇರಲಿ. ಶಾಲೆಯಲ್ಲಿ ಈ ಪಾಠ ಮಾಡುವ ಅಧ್ಯಾಪಕರು ಸಮೀಕರಣವನ್ನು ಬರೆಸಿದ ಮೇಲೆ ಈ ಸಾಲನ್ನೂ ಬರೆಸಲಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬಾರದಿದ್ದರೂ ಚಿಂತೆಯಿಲ್ಲ. ಒಂದು ಮನೆಯಲ್ಲಿ ಒಂದು ಚೊಂಬು ನೀರು ತಡವಿಲ್ಲದೆ ಬಂದರೆ ಸಾಕು.